ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತ: 60 ಪದಕಗಳ ಪಟ್ಟಿಯನ್ನು ತಪ್ಪಿಲ್ಲದೆ ಕಟ್ಟುವ ಬಗೆ

ಶಾಲೆಯ ಗೋಡೆಪತ್ರಿಕೆ, ಗ್ರಂಥಾಲಯದ ಪ್ರದರ್ಶನ, ಕ್ವಿಜ್, ಕನ್ನಡ ವಿಕಿಪೀಡಿಯದ ಪುಟ, ಪತ್ರಿಕೆಯ ಲೇಖನ ಎಲ್ಲಕ್ಕೂ ಬೇಕಾಗುವುದು ಒಂದೇ: ನಂಬಿ ಎತ್ತಿಕೊಳ್ಳಬಹುದಾದ ಪಟ್ಟಿ. ಭಾರತದ ಪ್ಯಾರಾಲಿಂಪಿಕ್ಸ್ ಪದಕಗಳ ವಿಷಯದಲ್ಲಿ ಅಂಥ ಪಟ್ಟಿ ಕನ್ನಡದಲ್ಲಿ ಸುಲಭವಾಗಿ ಕೈಗೆ ಸಿಗುವುದಿಲ್ಲ. ಸಿಕ್ಕರೂ ಒಂದರಲ್ಲಿ ಟೋಕಿಯೊ ಪದಕ 20 ಇರುತ್ತದೆ, ಇನ್ನೊಂದರಲ್ಲಿ 1984ರ ಪದಕಗಳು ಲಾಸ್ ಏಂಜಲೀಸ್‌ನಲ್ಲಿ ಬಂದಿರುತ್ತವೆ, ಮತ್ತೊಂದರಲ್ಲಿ ಹಾಸನದ ಹುಡುಗ ಶಿವಮೊಗ್ಗದವನಾಗಿರುತ್ತಾನೆ. ಈ ತಪ್ಪುಗಳು ಎಲ್ಲಿ ಹುಟ್ಟುತ್ತವೆ ಎಂದು ತಿಳಿದರೆ ಎರಡು ಮೂರು ದಿನದ ಕೆಲಸದಲ್ಲಿ ಗಟ್ಟಿ ಪಟ್ಟಿ ಕಟ್ಟಬಹುದು.

ಮೊದಲು ಯಾವ ಕೂಟ ಎಂದು ಗೊತ್ತುಮಾಡಿಕೊಳ್ಳಿ

ಅಂಗವಿಕಲರ ಅಂತರರಾಷ್ಟ್ರೀಯ ಕ್ರೀಡೆ ಎಂದರೆ ಒಂದೇ ಕೂಟವಲ್ಲ. ಕಿವಿ ಕೇಳದವರ ಡೆಫ್ಲಿಂಪಿಕ್ಸ್ 1924ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾಯಿತು. ಬೌದ್ಧಿಕ ಅಂಗವೈಕಲ್ಯ ಇರುವವರ ಸ್ಪೆಷಲ್ ಒಲಿಂಪಿಕ್ಸ್ 1968ರಲ್ಲಿ ಶಿಕಾಗೊದಲ್ಲಿ ಆರಂಭವಾಯಿತು. ಪ್ಯಾರಾಲಿಂಪಿಕ್ಸ್‌ನ ಬೇರು ಇರುವುದು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ. ಬೆನ್ನುಹುರಿಗೆ ಪೆಟ್ಟಾದ ಮಾಜಿ ಯೋಧರಿಗಾಗಿ ವೈದ್ಯ ಲುಡ್ವಿಗ್ ಗುಟ್‌ಮನ್ 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಅಲ್ಲಿ ಸ್ಪರ್ಧೆ ನಡೆಸಿದರು. 1960ರ ರೋಮ್ ಕೂಟವನ್ನು ಈಗ ಮೊದಲ ಪ್ಯಾರಾಲಿಂಪಿಕ್ಸ್ ಎಂದು ಎಣಿಸುತ್ತಾರೆ.

ಇವುಗಳ ಜತೆಗೆ ಏಷ್ಯನ್ ಪ್ಯಾರಾ ಗೇಮ್ಸ್ ಇದೆ. 2010ರಲ್ಲಿ ಗುವಾಂಗ್‌ಝೌನಲ್ಲಿ ಮೊದಲ ಸಲ ನಡೆಯಿತು, ಭಾರತಕ್ಕೆ 14 ಪದಕ. ಆಮೇಲೆ ಇಂಚೆನ್‌ನಲ್ಲಿ 33, ಜಕಾರ್ತದಲ್ಲಿ 72, ಹಾಂಗ್‌ಝೌನಲ್ಲಿ 111. ಈ ಸಂಖ್ಯೆಗಳನ್ನು ಬೇರೆ ಹಾಳೆಯಲ್ಲೇ ಇಡಿ. ‘ಪ್ಯಾರಾ’ ಎಂಬ ಅಕ್ಷರ ಕಂಡ ಕೂಡಲೇ ಎಲ್ಲವನ್ನೂ ಒಂದೇ ಮೊತ್ತಕ್ಕೆ ಸೇರಿಸುವುದು ನಾವು ಅತಿ ಹೆಚ್ಚು ಕಾಣುವ ತಪ್ಪು. ಬೇರೆ ಪಟ್ಟಿಯಲ್ಲಿ ಮೊತ್ತ ಮುನ್ನೂರರ ಹತ್ತಿರ ಹೋಗಿದ್ದರೆ ಕಾರಣ ಇದೇ.

ಹಾಳೆಯ ಅಂಕಣಗಳು

ಎಂಟು ಅಂಕಣ ಸಾಕು: ಕೂಟದ ಹೆಸರು ಮತ್ತು ಅದು ನಡೆದ ಇಸವಿ, ಊರು, ಕ್ರೀಡಾಪಟು, ಸ್ಪರ್ಧೆ, ವರ್ಗ, ಸಾಧನೆ, ಪದಕ, ಟಿಪ್ಪಣಿ. ಮೊದಲ ಅಂಕಣದಲ್ಲಿ ಹೆಸರನ್ನೂ ಇಸವಿಯನ್ನೂ ಬೇರೆ ಬೇರೆ ಕೇಳಿರುವುದಕ್ಕೆ ಕಾರಣವಿದೆ. ‘ಟೋಕಿಯೊ 2020’ ನಡೆದದ್ದು 2021ರ ಆಗಸ್ಟ್ 24ರಿಂದ ಸೆಪ್ಟೆಂಬರ್ 5ರವರೆಗೆ. ಹಾಂಗ್‌ಝೌ 2022 ನಡೆದದ್ದು 2023ರ ಅಕ್ಟೋಬರಿನಲ್ಲಿ. ಒಂದೇ ಇಸವಿ ಬರೆದರೆ ಕ್ವಿಜ್‌ನಲ್ಲಿ ಜಗಳ ಖಂಡಿತ.

ಊರಿನ ಅಂಕಣ ಹಳೆಯ ಕೂಟಗಳಿಗೆ ತುಂಬ ಮುಖ್ಯ. 1988ರ ಸೋಲ್ ಕೂಟಕ್ಕಿಂತ ಮುಂಚೆ ಒಲಿಂಪಿಕ್ಸ್ ಒಂದು ಕಡೆ, ಪ್ಯಾರಾಲಿಂಪಿಕ್ಸ್ ಇನ್ನೊಂದು ಕಡೆ ನಡೆಯುವುದು ಸಾಮಾನ್ಯವಾಗಿತ್ತು. 1968ರಲ್ಲಿ ಒಲಿಂಪಿಕ್ಸ್ ಮೆಕ್ಸಿಕೊ ಸಿಟಿಯಲ್ಲಿ, ಪ್ಯಾರಾಲಿಂಪಿಕ್ಸ್ ಇಸ್ರೇಲಿನ ಟೆಲ್ ಅವೀವ್‌ನಲ್ಲಿ. 1972ರಲ್ಲಿ ಮ್ಯೂನಿಕ್ ಬದಲು ಹೈಡೆಲ್‌ಬರ್ಗ್. 1984ರಲ್ಲಂತೂ ಎರಡು ಊರು: ಬೆನ್ನುಹುರಿ ಘಾಸಿಯಾದವರ ಗಾಲಿಕುರ್ಚಿ ಸ್ಪರ್ಧೆಗಳು ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ, ಉಳಿದವರದು ನ್ಯೂಯಾರ್ಕ್‌ನಲ್ಲಿ. ಒಲಿಂಪಿಕ್ಸ್ ಪಟ್ಟಿಯಿಂದ ಊರಿನ ಹೆಸರನ್ನು ನಕಲು ಮಾಡಿದವರು ಇಲ್ಲೇ ಎಡವುತ್ತಾರೆ.

ವರ್ಗದ ಅಂಕಣವನ್ನು ಖಾಲಿ ಬಿಡಬೇಡಿ

ಪಟ್ಟಿಯ ಬೆನ್ನೆಲುಬು ಇದು. ‘ಜಾವೆಲಿನ್ ಥ್ರೋ, ಚಿನ್ನ’ ಎಂದಷ್ಟೇ ಬರೆದರೆ ಅದು ದಾಖಲೆಯಾಗುವುದಿಲ್ಲ. ಒಂದೇ ಪ್ಯಾರಾಲಿಂಪಿಕ್ಸ್‌ನಲ್ಲಿ ಪುರುಷರ ಜಾವೆಲಿನ್‌ಗೆ ಹಲವು ಚಿನ್ನಗಳಿರುತ್ತವೆ, ಒಂದೊಂದೂ ಒಂದೊಂದು ವರ್ಗಕ್ಕೆ. 2024ರ ಪ್ಯಾರಿಸ್ ಕೂಟದಲ್ಲಿ ಸುಮಿತ್ ಅಂತಿಲ್ 70.59 ಮೀಟರ್ ಎಸೆದು ಚಿನ್ನ ಗೆದ್ದರು, ನವದೀಪ್ ಸಿಂಗ್ 47.32 ಮೀಟರ್ ಎಸೆದು ಚಿನ್ನ ಗೆದ್ದರು. ವರ್ಗ ಬರೆಯದೆ ಈ ಎರಡು ಸಾಲುಗಳನ್ನು ಒಂದರ ಕೆಳಗೊಂದು ಇಟ್ಟರೆ ಓದುವ ಹುಡುಗನಿಗೆ ಎರಡನೆಯದು ಅಚ್ಚಿನ ತಪ್ಪಿನಂತೆ ಕಾಣುತ್ತದೆ. ಎಫ್64, ಎಫ್41 ಎಂದು ಬರೆದ ಕೂಡಲೇ ಎರಡೂ ಸರಿಹೋಗುತ್ತವೆ.

ಅಥ್ಲೆಟಿಕ್ಸ್‌ನ ಸಂಕೇತ ಓದುವುದು ಹೀಗೆ. ‘ಟಿ’ ಎಂದರೆ ಓಟ ಮತ್ತು ಜಿಗಿತ, ‘ಎಫ್’ ಎಂದರೆ ಎಸೆತ. ಸಂಖ್ಯೆಯ ಮೊದಲ ಅಂಕಿ ಅಂಗವೈಕಲ್ಯದ ಬಗೆಯನ್ನು ಹೇಳುತ್ತದೆ. 11ರಿಂದ 13 ದೃಷ್ಟಿಗೆ ಸಂಬಂಧಿಸಿದ್ದು, 20 ಬೌದ್ಧಿಕ, 31ರಿಂದ 38 ಸೆರೆಬ್ರಲ್ ಪಾಲ್ಸಿಯಂಥ ಚಲನೆಯ ಹೊಂದಾಣಿಕೆಯ ತೊಂದರೆ, 40 ಮತ್ತು 41 ಕುಳ್ಳಗಿನ ದೇಹ, 42ರಿಂದ 44 ಕೃತಕ ಕಾಲಿಲ್ಲದೆ ಸ್ಪರ್ಧಿಸುವ ಕಾಲಿನ ತೊಂದರೆ, 45ರಿಂದ 47 ತೋಳು, 51ರಿಂದ ಮುಂದಿನವು ಕುಳಿತು ಎಸೆಯುವವರು ಮತ್ತು ಗಾಲಿಕುರ್ಚಿ ಓಟದವರು, 61ರಿಂದ 64 ಕೃತಕ ಕಾಲು ಧರಿಸಿ ಸ್ಪರ್ಧಿಸುವವರು. ಒಂದೇ ಗುಂಪಿನೊಳಗೆ ಅಂಕಿ ಚಿಕ್ಕದಾದಷ್ಟೂ ಚಲನೆಯ ಮೇಲಿನ ಮಿತಿ ಸಾಮಾನ್ಯವಾಗಿ ಹೆಚ್ಚು.

ಒಂದು ಕ್ರೀಡೆಯ ಸಂಕೇತವನ್ನು ಇನ್ನೊಂದಕ್ಕೆ ಅನ್ವಯಿಸಬೇಡಿ. ಬ್ಯಾಡ್ಮಿಂಟನ್‌ನಲ್ಲಿ ಎಸ್‌ಎಚ್6 ಎಂದರೆ ಕುಳ್ಳಗಿನ ಆಟಗಾರರು; ಟೋಕಿಯೊದಲ್ಲಿ ಕೃಷ್ಣ ನಾಗರ್ ಚಿನ್ನ ಗೆದ್ದ ವರ್ಗ ಅದು. ಶೂಟಿಂಗ್‌ನಲ್ಲಿ ಎಸ್‌ಎಚ್1 ಎಂದರೆ ಬಂದೂಕಿಗೆ ಸ್ಟ್ಯಾಂಡಿನ ಆಸರೆ ಬೇಡದೆ ಗುರಿಯಿಡುವವರು; ಅವನಿ ಲೇಖರಾ ಅವರ ವರ್ಗ. ಅಕ್ಷರ ಒಂದೇ, ಅರ್ಥಕ್ಕೆ ಸಂಬಂಧವೇ ಇಲ್ಲ. ಟೇಬಲ್ ಟೆನಿಸ್‌ನಲ್ಲಿ 1ರಿಂದ 5 ಗಾಲಿಕುರ್ಚಿಯವರು, 6ರಿಂದ 10 ನಿಂತು ಆಡುವವರು. ಪವರ್‌ಲಿಫ್ಟಿಂಗ್‌ನಲ್ಲಿ ಇಂಥ ಸಂಕೇತವಿಲ್ಲ, ದೇಹದ ತೂಕವೇ ವಿಭಾಗ.

ಹೆಸರು ಬದಲಾದ ವರ್ಗಗಳು ಇನ್ನೊಂದು ತಲೆನೋವು. ಎತ್ತರ ಜಿಗಿತದಲ್ಲಿ 2012ರ ಎಚ್.ಎನ್. ಗಿರೀಶ್ ಸಾಲು ಎಫ್42. 2016ರ ಮರಿಯಪ್ಪನ್ ತಂಗವೇಲು ಸಾಲು ಟಿ42. ಅದೇ ಮರಿಯಪ್ಪನ್ ಟೋಕಿಯೊದಲ್ಲೂ ಪ್ಯಾರಿಸ್‌ನಲ್ಲೂ ಟಿ63. ಜಿಗಿತಗಳನ್ನು ‘ಎಫ್’ ಪಟ್ಟಿಯಿಂದ ‘ಟಿ’ ಪಟ್ಟಿಗೆ ಸರಿಸಿದರು, ಆಮೇಲೆ ಕೃತಕ ಕಾಲಿನವರಿಗೆ 60ರ ಸರಣಿ ತಂದರು, ಕೆಲವು ಸ್ಪರ್ಧೆಗಳಲ್ಲಿ ಎರಡು ವರ್ಗದವರನ್ನೂ ಒಟ್ಟಿಗೆ ಇಳಿಸಿದರು. ಹಾಗಾಗಿ ಸ್ಪರ್ಧೆಯ ವರ್ಗ ಬೇರೆ, ಆಟಗಾರನ ವರ್ಗ ಬೇರೆ ಇರಬಹುದು: ಪ್ರವೀಣ್ ಕುಮಾರ್ ಟಿ44ರ ಆಟಗಾರ, ಪದಕ ಗೆದ್ದದ್ದು ಟಿ64 ಸ್ಪರ್ಧೆಯಲ್ಲಿ. ಅಂಕಣದಲ್ಲಿ ಸ್ಪರ್ಧೆಯ ವರ್ಗ ಬರೆದು, ಆಟಗಾರನದನ್ನು ಟಿಪ್ಪಣಿಗೆ ಹಾಕಿ. ಹಳೆಯ ವರ್ಗವನ್ನು ಹೊಸದಕ್ಕೆ ‘ಸರಿಪಡಿಸಲು’ ಹೋಗಬೇಡಿ. ಆ ದಿನದ ಫಲಿತಾಂಶ ಪಟ್ಟಿಯಲ್ಲಿ ಏನಿತ್ತೋ ಅದೇ ಇರಲಿ.

ಮೊದಲ ದಿನದ ಕೆಲಸ: ಟೋಕಿಯೊಗೆ ಮುಂಚಿನ 12

ಇವುಗಳಿಂದ ಶುರುಮಾಡಿ. ಕಡಿಮೆ ಇವೆ, ಕೈಗೆ ಅಭ್ಯಾಸವಾಗುತ್ತದೆ.

1968ರ ಟೆಲ್ ಅವೀವ್ ಭಾರತದ ಮೊದಲ ಕೂಟ, 10 ಮಂದಿ ಹೋಗಿದ್ದರು, ಪದಕ ಬರಲಿಲ್ಲ. ಆದರೂ ಒಂದು ಸಾಲು ಬೇಕು. 1972ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಮುರಳಿಕಾಂತ್ ಪೇಟ್ಕರ್ 50 ಮೀಟರ್ ಫ್ರೀಸ್ಟೈಲ್ ಈಜಿನಲ್ಲಿ 37.33 ಸೆಕೆಂಡಿನ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. 1965ರ ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕ ಅವರು. ವರ್ಗದ ಅಂಕಣದಲ್ಲಿ ‘3’ ಎಂದು ಬರೆಯಿರಿ. ಈಗಿನ ಎಸ್3 ಎಂಬ ರೂಪ ಆಮೇಲಿನದು.

1976 ಮತ್ತು 1980ರಲ್ಲಿ ಭಾರತ ಭಾಗವಹಿಸಲಿಲ್ಲ. ಈ ಎರಡು ಸಾಲುಗಳನ್ನು ಬಿಟ್ಟುಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ಬಿಡಬೇಡಿ, ‘ಭಾಗವಹಿಸಿಲ್ಲ’ ಎಂದು ಬರೆಯಿರಿ. ಚಿನ್ನ ಗೆದ್ದ ಮರುಕೂಟಕ್ಕೇ ದೇಶ ತಂಡ ಕಳಿಸಲಿಲ್ಲ ಎನ್ನುವುದು ನಮ್ಮ ಕ್ರೀಡಾ ಇತಿಹಾಸದ ದೊಡ್ಡ ಸಂಗತಿ, ಅದು ಹಾಳೆಯಲ್ಲಿ ಕಣ್ಣಿಗೆ ಕಾಣಬೇಕು.

1984ರಲ್ಲಿ ನಾಲ್ಕು ಪದಕ, ಗೆದ್ದವರು ಇಬ್ಬರೇ. ಜೋಗಿಂದರ್ ಸಿಂಗ್ ಬೇಡಿ ಶಾಟ್‌ಪಟ್‌ನಲ್ಲಿ ಬೆಳ್ಳಿ, ಡಿಸ್ಕಸ್ ಮತ್ತು ಜಾವೆಲಿನ್‌ನಲ್ಲಿ ಕಂಚು. ಭೀಮರಾವ್ ಕೇಸರ್ಕರ್ ಜಾವೆಲಿನ್‌ನಲ್ಲಿ ಬೆಳ್ಳಿ. ಒಂದೇ ಜಾವೆಲಿನ್ ಸ್ಪರ್ಧೆಯಲ್ಲಿ ಬೆಳ್ಳಿ, ಕಂಚು ಎರಡೂ ಭಾರತಕ್ಕೇ. ವರ್ಗ ಎಲ್6, ಆ ಕಾಲದ ಪದ್ಧತಿಯದು.

ಆಮೇಲೆ 1988, 1992, 1996, 2000: ಹೋದರು, ಪದಕವಿಲ್ಲ. ನಾಲ್ಕೂ ಸಾಲು ಬರೆಯಿರಿ.

2004ರ ಅಥೆನ್ಸ್‌ನಲ್ಲಿ ಎರಡು. ದೇವೇಂದ್ರ ಝಝಾರಿಯಾ ಜಾವೆಲಿನ್ ಎಫ್44/46ರಲ್ಲಿ 62.15 ಮೀಟರ್, ಚಿನ್ನ, ವಿಶ್ವದಾಖಲೆ. ರಾಜಿಂದರ್ ಸಿಂಗ್ ರಹೇಲು ಪವರ್‌ಲಿಫ್ಟಿಂಗ್‌ನಲ್ಲಿ ಕಂಚು. ರಹೇಲು ಸಾಲಿನಲ್ಲಿ ಎರಡು ‘ಕೆ.ಜಿ.’ ಬರುತ್ತವೆ: 56 ಅವರ ದೇಹತೂಕದ ವಿಭಾಗ, 157.5 ಅವರು ಎತ್ತಿದ ಭಾರ. ಅಂಕಣ ಅದಲುಬದಲಾಗದಂತೆ ನೋಡಿಕೊಳ್ಳಿ.

2008ರ ಬೀಜಿಂಗ್‌ನಲ್ಲಿ ಸೊನ್ನೆ. ಇಲ್ಲಿ ಟಿಪ್ಪಣಿ ಬೇಕು. ಅಥೆನ್ಸ್‌ನ ಚಿನ್ನದ ಆಟಗಾರ ಆಮೇಲೆ ಹನ್ನೆರಡು ವರ್ಷ ಎಲ್ಲಿ ಹೋದ ಎಂದು ಓದುಗ ಕೇಳುತ್ತಾನೆ. ಝಝಾರಿಯಾ ಎಲ್ಲಿಗೂ ಹೋಗಿರಲಿಲ್ಲ. ಎಫ್46 ಜಾವೆಲಿನ್ ಸ್ಪರ್ಧೆಯೇ 2008 ಮತ್ತು 2012ರ ಕಾರ್ಯಕ್ರಮದಲ್ಲಿ ಇರಲಿಲ್ಲ. 2016ರಲ್ಲಿ ಸ್ಪರ್ಧೆ ಮರಳಿತು, ಅವರು 63.97 ಮೀಟರ್ ಎಸೆದು ತಮ್ಮ ದಾಖಲೆಯನ್ನೇ ಮುರಿದು ಮತ್ತೆ ಚಿನ್ನ ಗೆದ್ದರು. ವರ್ಗದ ಅಂಕಣ ಇಲ್ಲದ ಪಟ್ಟಿಯಲ್ಲಿ ಈ ಕತೆ ಹೊರಗೆ ಬರುವುದೇ ಇಲ್ಲ.

2016ರ ರಿಯೊ ಕೂಟದ ಉಳಿದ ಮೂರು: ಎತ್ತರ ಜಿಗಿತದಲ್ಲಿ ಮರಿಯಪ್ಪನ್ 1.89 ಮೀಟರ್ ಚಿನ್ನ, ವರುಣ್ ಸಿಂಗ್ ಭಾಟಿ 1.86 ಮೀಟರ್ ಕಂಚು. ದೀಪಾ ಮಲಿಕ್ ಶಾಟ್‌ಪಟ್ ಎಫ್53ರಲ್ಲಿ 4.61 ಮೀಟರ್, ಬೆಳ್ಳಿ. ಪ್ಯಾರಾಲಿಂಪಿಕ್ಸ್ ಪದಕ ಗೆದ್ದ ಭಾರತದ ಮೊದಲ ಮಹಿಳೆ ದೀಪಾ.

ಒಂದು ಸಾಲನ್ನು ಹತ್ತಿರದಿಂದ ನೋಡಿ: ಲಂಡನ್ 2012

ಲಂಡನ್‌ನಲ್ಲಿ ಭಾರತಕ್ಕೆ ಬಂದದ್ದು ಒಂದೇ ಪದಕ, ಅದು ಹಾಸನ ಜಿಲ್ಲೆಗೆ ಬಂತು. ಗಿರೀಶ್, ಎತ್ತರ ಜಿಗಿತ ಎಫ್42, 1.74 ಮೀಟರ್, ಬೆಳ್ಳಿ. ಚಿನ್ನ ಗೆದ್ದ ಫಿಜಿಯ ಇಲೀಸಾ ಡೆಲಾನಾ ಜಿಗಿದದ್ದೂ 1.74. ಎತ್ತರ ಒಂದೇ ಆದ ಮೇಲೆ ಬೆಳ್ಳಿ ಏಕೆ? ಎತ್ತರ ಜಿಗಿತದಲ್ಲಿ ಇಬ್ಬರು ಸಮನಾದರೆ, ಕೊನೆಗೆ ದಾಟಿದ ಎತ್ತರದಲ್ಲಿ ಯಾರು ಕಡಿಮೆ ಸಲ ಅಡ್ಡಪಟ್ಟಿ ಬೀಳಿಸಿದರು ಎಂದು ಮೊದಲು ನೋಡುತ್ತಾರೆ. ಅದೂ ಸಮವಾದರೆ ಸ್ಪರ್ಧೆಯ ಮೊದಲಿನಿಂದ ಅಲ್ಲಿಯವರೆಗಿನ ಒಟ್ಟು ವಿಫಲ ಯತ್ನಗಳನ್ನು ಎಣಿಸುತ್ತಾರೆ. ಈ ಎಣಿಕೆಯಲ್ಲಿ ಡೆಲಾನಾ ಮುಂದಿದ್ದರು, ಫಿಜಿಗೆ ಅದು ಮೊಟ್ಟಮೊದಲ ಪ್ಯಾರಾಲಿಂಪಿಕ್ಸ್ ಪದಕವಾಯಿತು. ಟಿಪ್ಪಣಿಯಲ್ಲಿ ‘ಚಿನ್ನದಷ್ಟೇ ಎತ್ತರ, ವಿಫಲ ಯತ್ನಗಳ ಎಣಿಕೆಯಲ್ಲಿ ಎರಡನೆಯ ಸ್ಥಾನ’ ಎಂದು ಬರೆಯಿರಿ. ಆ ಅರ್ಧ ಸಾಲು ಬರೆಯದೆ ಹೋದರೆ ಗಿರೀಶ್‌ಗೆ ನ್ಯಾಯ ಸಲ್ಲುವುದಿಲ್ಲ.

ಅವರ ಹೆಸರಲ್ಲೂ ಒಂದು ಬಲೆಯಿದೆ. ಅಂತರರಾಷ್ಟ್ರೀಯ ಫಲಿತಾಂಶ ಪಟ್ಟಿಗಳಲ್ಲಿ ಅವರು ‘ಗಿರೀಶ ಹೊಸನಗರ ನಾಗರಾಜೇಗೌಡ’. ಹೊಸನಗರ ಎಂದು ಕಂಡ ಕೂಡಲೇ ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ನೆನಪಾಗಿ, ಊರನ್ನು ಅಲ್ಲಿಗೆ ಒಯ್ದವರಿದ್ದಾರೆ. ಅವರು ಹಾಸನದವರೇ. ಗಿರೀಶ್, ಗಿರೀಶ, ಗಿರೀಶ ಎನ್. ಗೌಡ ಎಂಬ ರೂಪಗಳೆಲ್ಲ ಒಬ್ಬರವೇ ಎಂದು ಟಿಪ್ಪಣಿಯಲ್ಲಿ ಸೇರಿಸಿ. ಹುಡುಕುವವರಿಗೆ ಅನುಕೂಲ.

ಟೋಕಿಯೊ ಮತ್ತು ಪ್ಯಾರಿಸ್: ಎಣಿಕೆ ತಪ್ಪುವ ಜಾಗ

ಟೋಕಿಯೊದಲ್ಲಿ 5 ಚಿನ್ನ, 8 ಬೆಳ್ಳಿ, 6 ಕಂಚು, ಒಟ್ಟು 19. ಕೆಲವು ಪಟ್ಟಿಗಳಲ್ಲಿ 20 ಇರುವುದಕ್ಕೆ ಕಾರಣ ವಿನೋದ್ ಕುಮಾರ್ ಅವರ ಸಾಲು. ಡಿಸ್ಕಸ್ ಎಫ್52ರಲ್ಲಿ 19.91 ಮೀಟರ್ ಎಸೆದು ಅವರು ಮೂರನೆಯವರಾದರು, ಕಂಚು ಎಂದು ಸುದ್ದಿಯೂ ಬಂತು. ಆದರೆ ಅವರನ್ನು ಆ ವರ್ಗಕ್ಕೆ ಸೇರಿಸಲಾಗದು ಎಂದು ಅಧಿಕಾರಿಗಳು ನಿರ್ಧರಿಸಿ ಫಲಿತಾಂಶ ರದ್ದುಮಾಡಿದರು. ಅವರ ಸಾಲನ್ನು ಇಡಿ, ಪದಕದ ಅಂಕಣದಲ್ಲಿ ಗೆರೆ ಎಳೆಯಿರಿ, ಟಿಪ್ಪಣಿ ಬರೆಯಿರಿ. ಸಾಲನ್ನೇ ಅಳಿಸಿದರೆ ಹಳೆಯ ಪತ್ರಿಕೆ ಹಿಡಿದು ಬಂದವರು ನಿಮ್ಮ ಪಟ್ಟಿಯೇ ತಪ್ಪು ಎನ್ನುತ್ತಾರೆ.

ಪ್ಯಾರಿಸ್‌ನಲ್ಲಿ ಇದರ ತಿರುವುಮುರುವು. ನವದೀಪ್ ಅವರದು ಮೊದಲು ಬೆಳ್ಳಿ. ಮುಂದಿದ್ದ ಇರಾನ್ ಆಟಗಾರ ಅನರ್ಹಗೊಂಡ ಮೇಲೆ ಅದು ಚಿನ್ನವಾಯಿತು. ಸ್ಪರ್ಧೆ ಮುಗಿದ ಗಂಟೆಯಲ್ಲಿ ಬಂದ ಸುದ್ದಿಯನ್ನು ನಂಬಿ ಬಣ್ಣ ಹಾಕಬೇಡಿ. ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿಯ ಫಲಿತಾಂಶ ಭಂಡಾರದಲ್ಲಿ ಈಗ ಏನಿದೆ ಎಂದು ನೋಡಿಯೇ ಹಾಕಿ. ಕೂಟ ಮುಗಿದಾಗ ಪ್ಯಾರಿಸ್ ಲೆಕ್ಕ: 7 ಚಿನ್ನ, 9 ಬೆಳ್ಳಿ, 13 ಕಂಚು, ಒಟ್ಟು 29, ದೇಶಗಳಲ್ಲಿ 18ನೆಯ ಸ್ಥಾನ. ಅಥ್ಲೆಟಿಕ್ಸ್ 17, ಬ್ಯಾಡ್ಮಿಂಟನ್ 5, ಶೂಟಿಂಗ್ 4, ಆರ್ಚರಿ 2, ಜುಡೊ 1. ಕ್ರೀಡೆವಾರು ಕೂಡಿದಾಗಲೂ 29 ಬರಬೇಕು.

ಪದಕಗಳ ಸಂಖ್ಯೆಯನ್ನೂ ಪದಕ ಗೆದ್ದವರ ಸಂಖ್ಯೆಯನ್ನೂ ಒಂದೆಂದು ತಿಳಿಯಬೇಡಿ. ಟೋಕಿಯೊದಲ್ಲಿ 19 ಪದಕ ಗೆದ್ದವರು 17 ಮಂದಿ, ಏಕೆಂದರೆ ಅವನಿ ಲೇಖರಾ ಮತ್ತು ಸಿಂಗ್‌ರಾಜ್ ಅಧಾನಾ ತಲಾ ಎರಡು ಗೆದ್ದರು. ಪ್ಯಾರಿಸ್‌ನಲ್ಲಿ 29 ಪದಕಕ್ಕೆ 29 ಮಂದಿ ಎಂದು ಲೆಕ್ಕ ಹೊಂದುತ್ತದೆ, ಆದರೆ ಅದು ಆಕಸ್ಮಿಕ: ಪ್ರೀತಿ ಪಾಲ್ ಒಬ್ಬರೇ 100 ಮತ್ತು 200 ಮೀಟರ್ ಓಟದಲ್ಲಿ ಎರಡು ಕಂಚು ಗೆದ್ದರು, ಶೀತಲ್ ದೇವಿ ಮತ್ತು ರಾಕೇಶ್ ಕುಮಾರ್ ಇಬ್ಬರೂ ಸೇರಿ ಆರ್ಚರಿಯಲ್ಲಿ ಒಂದು ಕಂಚು ಗೆದ್ದರು. ಜತೆಗೆ ಸಿಮ್ರನ್ ಅವರ 200 ಮೀಟರ್ ಟಿ12 ಓಟದಲ್ಲಿ ದಾರಿತೋರುವ ಓಟಗಾರ ಅಭಯ್ ಸಿಂಗ್ ಇದ್ದರು. ಕೈಗೆ ಕೈ ಕಟ್ಟಿಕೊಂಡು ಅಷ್ಟೇ ವೇಗದಲ್ಲಿ ಓಡುವವರ ಹೆಸರು ಟಿಪ್ಪಣಿಯಲ್ಲಿ ಇರಲೇಬೇಕು, ದೇಶದ ಲೆಕ್ಕದಲ್ಲಿ ಮಾತ್ರ ಅದು ಒಂದೇ ಪದಕ.

ಇನ್ನೊಂದು ಗೊಂದಲ: ರಿಯೊಗೆ ಹೋದ ಭಾರತೀಯರು 19, ಟೋಕಿಯೊದ ಪದಕಗಳೂ 19. ಟೋಕಿಯೊಗೆ ಹೋದವರು 54, ಪ್ಯಾರಿಸ್‌ಗೆ 84.

ಸಾಧನೆಯ ಅಂಕಣದಲ್ಲಿ ಮೀಟರ್, ಸೆಕೆಂಡು, ಕಿಲೊ, ಅಂಕ ಎಂಬ ಅಳತೆಯನ್ನು ಪ್ರತಿ ಸಲವೂ ಬರೆಯಿರಿ. ಟೋಕಿಯೊದಲ್ಲಿ ಅವನಿ ಅವರ 249.6 ಎಂದರೆ 10 ಮೀಟರ್ ಏರ್ ರೈಫಲ್ ಫೈನಲ್‌ನ ಅಂಕ. ಬ್ಯಾಡ್ಮಿಂಟನ್, ಟೇಬಲ್ ಟೆನಿಸ್‌ಗೆ ಕೊನೆಯ ಪಂದ್ಯದ ಎದುರಾಳಿ ಯಾರು ಎಂದು ಬರೆದರೆ ಸಾಕು.

ಕೂಡಿ ನೋಡುವುದು

ಕೂಟಕೂಟಕ್ಕೂ ಮೊತ್ತ ಹೀಗೆ ಏರಬೇಕು: 1972ರ ನಂತರ 1, 1984ರ ನಂತರ 5, 2004ರ ನಂತರ 7, 2012ರ ನಂತರ 8, 2016ರ ನಂತರ 12, ಟೋಕಿಯೊ ನಂತರ 31, ಪ್ಯಾರಿಸ್ ನಂತರ 60. ಬಣ್ಣವಾರು 16 ಚಿನ್ನ, 21 ಬೆಳ್ಳಿ, 23 ಕಂಚು. ಒಟ್ಟು ಸರಿಯಿದ್ದು ಬಣ್ಣ ತಪ್ಪಿದ್ದರೆ ಮೊದಲು ನವದೀಪ್ ಸಾಲು ನೋಡಿ. ಒಟ್ಟೇ ಒಂದು ಹೆಚ್ಚಿದ್ದರೆ ವಿನೋದ್ ಕುಮಾರ್ ಸಾಲು. ಎರಡು ಕಡಿಮೆಯಿದ್ದರೆ ಬೇಡಿ ಅವರ ಮೂರು ಪದಕವನ್ನು ಒಂದೇ ಸಾಲಿನಲ್ಲಿ ತುರುಕಿದ್ದೀರಿ.

ಕರ್ನಾಟಕದ ಹಾಳೆ

ರಾಜ್ಯದ ಪಟ್ಟಿ ಮಾಡುವವರು ‘ಹುಟ್ಟಿದ ಊರು’ ಮತ್ತು ‘ಕೆಲಸ ಮಾಡುವ ರಾಜ್ಯ’ ಎಂದು ಎರಡು ಅಂಕಣ ಸೇರಿಸಿಕೊಳ್ಳಿ. ಸುಹಾಸ್ ಯತಿರಾಜ್ ಹಾಸನದಲ್ಲಿ ಹುಟ್ಟಿ, ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಓದಿ, ಉತ್ತರ ಪ್ರದೇಶದಲ್ಲಿ ಐಎಎಸ್ ಅಧಿಕಾರಿಯಾದವರು. ಬ್ಯಾಡ್ಮಿಂಟನ್ ಎಸ್‌ಎಲ್4ರಲ್ಲಿ ಟೋಕಿಯೊದಲ್ಲೂ ಪ್ಯಾರಿಸ್‌ನಲ್ಲೂ ಬೆಳ್ಳಿ, ಎರಡೂ ಫೈನಲ್‌ನಲ್ಲಿ ಎದುರಾಳಿ ಫ್ರಾನ್ಸಿನ ಲುಕಾ ಮಜೂರ್. ಎರಡು ರಾಜ್ಯಗಳೂ ಅವರನ್ನು ತಮ್ಮವರೆನ್ನುತ್ತವೆ. ಎರಡೂ ನಿಜವೇ.

ಪದಕಕ್ಕಷ್ಟೇ ಕಣ್ಣಿಟ್ಟರೆ ಕರ್ನಾಟಕದ ಹಾಳೆ ಬಡವಾಗುತ್ತದೆ. 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ ಪಡೆದ ಮಾಲತಿ ಹೊಳ್ಳ; ರಿಯೊದಲ್ಲಿ ಪವರ್‌ಲಿಫ್ಟಿಂಗ್ 49 ಕೆ.ಜಿ. ವಿಭಾಗದಲ್ಲಿ ನಾಲ್ಕನೆಯವರಾದ ಫರ್ಮಾನ್ ಬಾಷಾ. 2014ರ ಇಂಚೆನ್ ಏಷ್ಯನ್ ಪ್ಯಾರಾ ಗೇಮ್ಸ್‌ನ ಈಜುಕೊಳದಿಂದ ಆರು ಪದಕ ತಂದ ಶರತ್ ಗಾಯಕವಾಡ್. ಜಕಾರ್ತ ಮತ್ತು ಹಾಂಗ್‌ಝೌ ಎರಡರಲ್ಲೂ 1500 ಮೀಟರ್ ಟಿ11 ಓಟದ ಚಿನ್ನ ಗೆದ್ದು ಪ್ಯಾರಿಸ್‌ಗೂ ಹೋದ ಚಿಕ್ಕಮಗಳೂರಿನ ರಕ್ಷಿತಾ ರಾಜು. ಇವರಿಗೆಲ್ಲ ಜಾಗ ಬೇಕು. ಕೂಟದ ಹೆಸರನ್ನು ಮಾತ್ರ ಸಾಲುಸಾಲಿಗೂ ಬರೆಯಿರಿ, ಏಷ್ಯನ್ ಪದಕ ಪ್ಯಾರಾಲಿಂಪಿಕ್ಸ್ ಪದಕವಾಗಿ ಜಾರಿಕೊಳ್ಳದಿರಲಿ.

ಬರೆಯುವ ಮಾತು

ಶೀರ್ಷಿಕೆಯಲ್ಲಿ ಸಾಧನೆ ಮೊದಲು ಬರಲಿ, ಅಂಗವೈಕಲ್ಯ ವರ್ಗದ ಅಂಕಣದಲ್ಲಿರಲಿ. ‘ಕಾಲಿಲ್ಲದಿದ್ದರೂ’, ‘ಕಣ್ಣಿಲ್ಲದಿದ್ದರೂ’ ಎಂದು ಪ್ರತಿ ವಾಕ್ಯ ಶುರುಮಾಡಿದರೆ ಓದುಗನಿಗೆ ಕನಿಕರ ಹುಟ್ಟುತ್ತದೆ, ಆಟ ಕಾಣುವುದಿಲ್ಲ. 70.59 ಮೀಟರ್ ಜಾವೆಲಿನ್ ಎಸೆತಕ್ಕೆ ಕನಿಕರದ ಅಗತ್ಯವಿಲ್ಲ. ‘ಅಂಗವಿಕಲ’, ‘ವಿಕಲಚೇತನ’ ಎರಡೂ ಬಳಕೆಯಲ್ಲಿವೆ, ಒಂದನ್ನು ಆರಿಸಿ ಕೊನೆಯವರೆಗೂ ಅದನ್ನೇ ಬಳಸಿ. ಕುರ್ಚಿಯ ಮಾತು ಬಂದಾಗ ‘ಗಾಲಿಕುರ್ಚಿಗೆ ಅಂಟಿಕೊಂಡವರು’ ಬೇಡ, ‘ಗಾಲಿಕುರ್ಚಿ ಬಳಸುವವರು’ ಸಾಕು. ಪ್ಯಾರಾ ಆಟಗಾರರಿಗೆ ಗಾಲಿಕುರ್ಚಿ ಓಟದ ಬೂಟು ಇದ್ದಂತೆ, ಸಲಕರಣೆ.

‘ಮೊದಲ’ ಎಂಬ ಪದ ಬರೆಯುವಾಗ ಎರಡು ಸಲ ಯೋಚಿಸಿ. ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ 2008ರಲ್ಲಿ ಅಭಿನವ್ ಬಿಂದ್ರಾ ಅವರಿಂದ ಬಂತು ಎನ್ನುವುದು ಒಲಿಂಪಿಕ್ಸ್‌ಗೆ ಸರಿ. ಪ್ಯಾರಾಲಿಂಪಿಕ್ಸ್‌ನಲ್ಲಿ ಅದು 36 ವರ್ಷ ಮುಂಚೆ, ಪೇಟ್ಕರ್ ಅವರಿಂದ. ಅವನಿ ಲೇಖರಾ ಅವರ ಟೋಕಿಯೊ ಚಿನ್ನವಾದರೆ ಒಲಿಂಪಿಕ್ಸ್, ಪ್ಯಾರಾಲಿಂಪಿಕ್ಸ್ ಎರಡನ್ನೂ ಸೇರಿಸಿದರೂ ಭಾರತದ ಮಹಿಳೆಯೊಬ್ಬರಿಗೆ ಮೊದಲನೆಯದು. ಯಾವ ಕೂಟದಲ್ಲಿ, ಯಾರಲ್ಲಿ ಮೊದಲು ಎಂದು ಸೇರಿಸದೆ ಆ ಪದವನ್ನು ಬಿಡಬೇಡಿ.

ಪ್ರಶಸ್ತಿಗಳನ್ನು ಪದಕದ ಸಾಲಿಗೆ ಸೇರಿಸುವುದಾದರೆ ಇಸವಿಯನ್ನೂ ಬರೆಯಿರಿ. ಗಿರೀಶ್: ಬೆಳ್ಳಿ 2012, ಪದ್ಮಶ್ರೀ 2013. ಝಝಾರಿಯಾ: ಮೊದಲ ಚಿನ್ನ 2004, ಪದ್ಮಶ್ರೀ 2012, ಪದ್ಮಭೂಷಣ 2022. ಪೇಟ್ಕರ್: ಚಿನ್ನ 1972, ಪದ್ಮಶ್ರೀ 2018, ಜೀವಮಾನ ಸಾಧನೆಯ ಅರ್ಜುನ 2024ರ ಸಾಲಿನದು.